ಓದುಗರ ಸ್ಪಂದನ: ಮೊದಲ ಸಾಲಿನಲ್ಲಿ ಕೂತ ಅಕ್ಕನಿಗೆ

'ತಂಗಿ ಮತ್ತು ನಾನು ಒಟ್ಟಿಗೆ ಸಂಗೀತ ಕಲಿತೆವು. ಸಂಗೀತದ ಜೂನಿಯರ್ ಪರೀಕ್ಷೆ ಮುಗಿದ ಮೇಲೆ ನನ್ನ ಮದುವೆಯಾಯಿತು, ಹಾಡು ಅಲ್ಲಿಗೆ ನಿಂತಿತು. ಈ ವರ್ಷ ಅವಳು ಬೆಂಗಳೂರಿನಲ್ಲಿ ರಾಮನವಮಿ ಕಛೇರಿ ಕೊಟ್ಟಳು. ಮೊದಲ ಸಾಲಿನಲ್ಲಿ ಕೂತು ಹೆಮ್ಮೆಯಿಂದ ಅತ್ತೆ. ಆದರೆ ಅವಳ ಸಂದರ್ಶನದಲ್ಲಿ ನನ್ನ ಹೆಸರೇ ಇರಲಿಲ್ಲ. ಅಂದಿನಿಂದ ಒಳಗೆ ಏನೋ ಚುಚ್ಚುತ್ತಿದೆ. ಇದು ಹೊಟ್ಟೆಕಿಚ್ಚಾ?' ಎಂದು ಹಾಸನದ ಓದುಗರೊಬ್ಬರು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಅಕ್ಕಾ, ನನ್ನ ತಮ್ಮ ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ ಮಾಡುತ್ತಾನೆ. ಚಿಕ್ಕಂದಿನಲ್ಲಿ ಹೆಜ್ಜೆ ಕಲಿಯಲು ಮೊದಲು ಹೋದವನು ನಾನು. ಅವನು ಸುಮ್ನೆ ನನ್ನ ಹಿಂದೆ ಬಂದವನು. ಅಪ್ಪ ತೀರಿಕೊಂಡಾಗ ಅಡಿಕೆ ತೋಟ ನನ್ನ ತಲೆಗೆ ಬಂತು, ಗೆಜ್ಜೆ ಅವನ ಕಾಲಿಗೆ ಹೋಯಿತು. ಈಗ ಅವನ ದಾಕ್ಷಾಯಿಣಿ ನೋಡಲು ಜನ ದೂರದಿಂದ ಬರುತ್ತಾರೆ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ ನಿಂತು 'ಇವನು ನನ್ನ ತಮ್ಮ' ಎಂದು ಕೇಳದವರಿಗೂ ಹೇಳುತ್ತೇನೆ. ಆಮೇಲೆ ಒಬ್ಬನೇ ಬೈಕಿನಲ್ಲಿ ಮನೆಗೆ ಬರುವಾಗ ನಿಮಗೆ ಚುಚ್ಚಿದ್ದೇ ನನಗೂ ಚುಚ್ಚುತ್ತದೆ. 20 ವರ್ಷವಾಯಿತು, ಹೋಗಿಲ್ಲ. ಓಡಿಸಲು ನಾನೂ ಹೋಗುವುದಿಲ್ಲ.

ಮೇ ಕೊನೆಯ ಹೊತ್ತಿಗೆ, ಪತ್ತನಾಜೆಯ ದಿನ ಮೇಳ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತದೆ, ಅವನು ಮನೆಗೆ ಬರುತ್ತಾನೆ. ಮಳೆ ಜೋರಾಗುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಲ್ವಾ? ನಾನು ಮೈಲುತುತ್ತು, ಸುಣ್ಣ ಕಲಸುತ್ತೇನೆ. ಅವನು ಪೈಪ್ ಎಳೆಯುತ್ತಾನೆ. ಸರಿಯಾಗಿ ಹಿಡಿಯದಿದ್ದರೆ ಬೈಯುತ್ತೇನೆ. ದಾಕ್ಷಾಯಿಣಿ ತೆಪ್ಪಗೆ ಬೈಸಿಕೊಳ್ಳುತ್ತಾಳೆ.
– ಒಬ್ಬ ಅಣ್ಣ, ಪುತ್ತೂರು

ಹೊಟ್ಟೆಕಿಚ್ಚೇ ಇರಲಿ ಬಿಡಿ, ಏನೀಗ? ಅಕ್ಕ ಅಂದರೆ ತ್ಯಾಗ ಎಂದು ಬರೆಯುವವರ ಮಾತು ಮಾತ್ರ ಕೇಳಬೇಡಿ. ನಾನು 52ನೇ ವಯಸ್ಸಿನಲ್ಲಿ ಸೀನಿಯರ್ ಪರೀಕ್ಷೆಗೆ ಕೂತೆ. ಪಕ್ಕದಲ್ಲಿದ್ದ ಹೈಸ್ಕೂಲು ಹುಡುಗಿ 'ಆಂಟಿ, ಯಾರನ್ನು ಕರಕೊಂಡು ಬಂದಿದ್ದೀರಿ?' ಎಂದು ಕೇಳಿದಳು. ಪಾಸಾದೆ. ನಿಮ್ಮ ಶ್ರುತಿಪೆಟ್ಟಿಗೆ ಅಟ್ಟದ ಮೇಲಿದ್ದರೆ ಇಳಿಸಿ.
– ಗೃಹಿಣಿ, ದಾವಣಗೆರೆ

'ಮಾಲ್ಗುಡಿ ಡೇಸ್' ಧಾರಾವಾಹಿ ನೆನಪಿದೆಯಾ? ಕಥೆ ಅಣ್ಣ ಆರ್.ಕೆ. ನಾರಾಯಣ್ ಅವರದು, ಚಿತ್ರ ತಮ್ಮ ಲಕ್ಷ್ಮಣ್ ಅವರದು. ನಿರ್ದೇಶನ ತಮ್ಮ ಶಂಕರ್‌ನಾಗ್, ಅದರಲ್ಲಿ ನಟಿಸಿದವರಲ್ಲಿ ಅಣ್ಣ ಅನಂತ್‌ನಾಗ್ ಕೂಡ ಇದ್ದರು. ಒಂದೇ ಧಾರಾವಾಹಿಯಲ್ಲಿ ಎರಡು ಜೋಡಿ! ಸಿನಿಮಾಕ್ಕೆ ಮೊದಲು ಬಂದವರು ಅನಂತ್. ಶಂಕರ್ 1990ರಲ್ಲಿ ಅಪಘಾತದಲ್ಲಿ ಹೋದರು. ಆಮೇಲೆ ಅಣ್ಣ ಪುಸ್ತಕ ಬರೆದರು, ಹೆಸರು 'ನನ್ನ ತಮ್ಮ ಶಂಕರ'. ನಾಡಿಗೆಲ್ಲ ಗೊತ್ತಿದ್ದ ಆ ಹೆಸರಿನ ಮುಂದೆ 'ನನ್ನ ತಮ್ಮ' ಎಂದು ಸೇರಿಸಿದ್ದಾರೆ ನೋಡಿ. ಅಷ್ಟು ಹಕ್ಕು ನಿಮಗೂ ಇದೆ. ಸಂದರ್ಶನದಲ್ಲಿ ಅವಳು ಹೇಳದಿದ್ದರೆ ನೀವೇ ಹೇಳಿಕೊಳ್ಳಿ.
– ನಿವೃತ್ತ ಮೇಷ್ಟ್ರು, ಮೈಸೂರು

ನಾನು ಆ ಕಡೆಯವಳು. ಹಾಡುವ ತಂಗಿ. ನನ್ನ ಅಕ್ಕನೂ ಕಲಿತು ಬಿಟ್ಟವಳು. ಭೈರವಿ ರಾಗದ ಅಟತಾಳ ವರ್ಣ ಎಂಬ ರಚನೆ ಕಲಿಯುವಾಗ ಆ ತಾಳದ 14 ಅಕ್ಷರದ ಎಣಿಕೆ ನನ್ನ ಕೈಗೆ ಕೂರುತ್ತಲೇ ಇರಲಿಲ್ಲ. ಅಕ್ಕ ನನ್ನ ತೊಡೆಯ ಮೇಲೆಯೇ ತಾಳ ಹಾಕುತ್ತಿದ್ದಳು. ತಪ್ಪಿದರೆ ಏಟು ಜೋರಾಗುತ್ತಿತ್ತು. ಇಂದಿಗೂ ವೇದಿಕೆಯಲ್ಲಿ ಆ ವರ್ಣ ಎತ್ತಿಕೊಂಡರೆ ಬಲತೊಡೆ ಚುರ್ ಎನ್ನುತ್ತದೆ.

ಆದರೂ ನಾನು ಎಲ್ಲಿಯೂ ಅವಳ ಹೆಸರು ಹೇಳಿಲ್ಲ. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಮನೆಯಲ್ಲಿ ಇಬ್ಬರಿಗೂ ಸೇರಿ ಇದ್ದ ಅವಕಾಶವನ್ನು ನಾನೊಬ್ಬಳೇ ತಿಂದೆ ಅನ್ನಿಸುತ್ತದೆ. ಅವಳ ಹೆಸರು ಎತ್ತಿದರೆ 'ಅವರು ಯಾಕೆ ಹಾಡುವುದಿಲ್ಲ?' ಎಂದು ಕೇಳುತ್ತಾರೆ. ಅದಕ್ಕೆ ಏನು ಹೇಳಲಿ? ನಿಮ್ಮ ತಂಗಿಯದೂ ಇದೇ ಸಂಕೋಚವೋ, ನನಗೆ ಹೇಗೆ ಗೊತ್ತಾಗಬೇಕು. ಇರಬಹುದು.

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಛೇರಿ ಮುಗಿದ ಮೇಲೆ ನೀವು ಅವಳಿಗೆ ಏನು ಹೇಳಿದಿರಿ? 'ತುಂಬಾ ಚೆನ್ನಾಗಿತ್ತು' ಅಂತಲಾ? ನನ್ನ ಅಕ್ಕನೂ ಈಗ ಅಷ್ಟೇ ಹೇಳುತ್ತಾಳೆ, ಹೊರಗಿನವರ ಹಾಗೆ. ಮುಂದಿನ ಸಲ ಅಡುಗೆಮನೆಯಲ್ಲಿ ಅವಳನ್ನು ಕೂರಿಸಿಕೊಂಡು, ಎಲ್ಲಿ ತಾಳ ಜಾರಿತು, ಒಂದೇ ಸಾಲನ್ನು ಬದಲಿಸಿ ಬದಲಿಸಿ ಹಾಡುವ ಸಂಗತಿಗಳಲ್ಲಿ ಯಾವುದು ಜಾಸ್ತಿ ಆಯಿತು ಹೇಳಿ. ನಮಗೆ ಅದನ್ನು ಹೇಳುವವರು ಈಗ ಯಾರೂ ಇಲ್ಲ.
– ಒಬ್ಬ ತಂಗಿ, ಶಿವಮೊಗ್ಗ