ಚೀಲಕ್ಕೂ ಬಾಡಿಗೆ: ಹಾಸ್ಟೆಲ್ ಕನ್ನಡ ಸಂಘದ ಗುಂಪಿನಲ್ಲಿ ಒಂದು ವಾದ

ನವೀನ: (ಒಂದು ವೀಡಿಯೊ ಹಂಚಿಕೊಂಡು) ಹಿರಿಯರು ಬಿಡುವಾದಾಗ ಇದನ್ನು ನೋಡಬೇಕೆಂದು ವಿನಂತಿ. ‘ದಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ (ಇಎಸ್‌ಒ) ಎಂಬ, ಸಾವಿರಾರು ಜನ ಅಂತರ್ಜಾಲದಲ್ಲಿ ಒಟ್ಟಿಗೆ ಆಡುವ ಆಟವು 2015ರ ಮಾರ್ಚ್ 17ರಂದು ಕಡ್ಡಾಯ ಮಾಸಿಕ ಚಂದಾವನ್ನು ಕೈಬಿಟ್ಟದ್ದರಿಂದಲೇ ಇಂದಿಗೂ ಉಸಿರಾಡುತ್ತಿದೆ ಎಂಬುದು ಇದರ ವಾದ. ಅಂದು ಗಲಾಟೆ ಎಬ್ಬಿಸಿದ ಹಳೆಯ ಆಟಗಾರರಿಗೆ ಪ್ರತಿಷ್ಠೆ ಹೋಯಿತೆಂಬ ಸಂಕಟವಿತ್ತೇ ಹೊರತು ನಿಜವಾದ ನಷ್ಟವೇನೂ ಆಗಿರಲಿಲ್ಲ ಎಂದೂ ಇದರಲ್ಲಿ ಹೇಳಿದ್ದಾರೆ. ನನಗೆ ಅದು ಸರಿ ಎನಿಸಿತು.

ರಾಘವೇಂದ್ರ: ಆ ಗಲಾಟೆ ಎಬ್ಬಿಸಿದವರಲ್ಲಿ ನಾನೂ ಒಬ್ಬ, ತಮ್ಮಾ. 2014ರ ಏಪ್ರಿಲ್ 4ರಂದು ಆಟ ಬಿಡುಗಡೆಯಾದಾಗ ಸುಮಾರು 60 ಡಾಲರ್ ಕೊಟ್ಟು ಕೊಂಡು, ಅದರೊಂದಿಗೆ ಬಂದ 30 ದಿನ ಮುಗಿದ ಮೇಲೆ ತಿಂಗಳಿಗೆ 14.99 ಡಾಲರ್ ಕಟ್ಟುತ್ತಾ ಬಂದವನು ನಾನು. ಆಟದ ನಡುವೆ ಎಲ್ಲಿಯೂ ‘ಇನ್ನು ಮುಂದಕ್ಕೆ ಹೋಗಬೇಕಾದರೆ ದುಡ್ಡು ಕೊಡಿ’ ಎಂಬ ಗೋಡೆ ಎದುರಾಗಬಾರದು, ಆದ್ದರಿಂದಲೇ ಚಂದಾ ಇಟ್ಟಿದ್ದೇವೆ ಎಂಬುದು ಬಿಡುಗಡೆಗೆ ಮುನ್ನ ತಯಾರಕರೇ ಕೊಟ್ಟಿದ್ದ ಸಮರ್ಥನೆ. ಆ ಮಾತನ್ನು ನಂಬಿ ಹಣ ಕಟ್ಟಿದವರಿಗೆ ವರ್ಷ ತುಂಬುವ ಮುನ್ನವೇ, 2015ರ ಜನವರಿ 21ರಂದು, ಇನ್ನು ಚಂದಾ ಬೇಡ, ಆಟದೊಳಗೇ ನಿಜವಾದ ಹಣಕ್ಕೆ ವಸ್ತುಗಳನ್ನು ಮಾರುವ ಅಂಗಡಿ ಬರುತ್ತದೆ ಎಂದು ಪ್ರಕಟಿಸಿದರೆ ಸಿಟ್ಟು ಬರುವುದು ಸಹಜವಲ್ಲವೇ? ಅದನ್ನು ಪ್ರತಿಷ್ಠೆಯ ಪ್ರಶ್ನೆ ಎಂದು ತಳ್ಳಿಹಾಕುವುದು ಸುಲಭ.

ಇಕ್ಬಾಲ್: ರಾಘು, ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ನಾನು ಆ ಆಟವನ್ನು ಆಡಲು ಸಾಧ್ಯವಾದದ್ದೇ ಚಂದಾ ಹೋದ ಮೇಲೆ. ನೀನು ನ್ಯೂಜೆರ್ಸಿಯಲ್ಲಿ ಕುಳಿತು 14.99 ಡಾಲರ್ ಎಂದಾಗ ಮಂಗಳೂರಿನಲ್ಲಿದ್ದ ನನಗೆ ಅದು ತಿಂಗಳಿಗೆ ಒಂಬೈನೂರು ರೂಪಾಯಿ, ಅಂದರೆ ಅಂದು ಮನೆಯ ಬ್ರಾಡ್‌ಬ್ಯಾಂಡ್‌ಗೆ ನಾನು ಕೊಡುತ್ತಿದ್ದಷ್ಟೇ ಹಣ. ಹಣವಿದ್ದರೂ ಕಟ್ಟುವ ದಾರಿ ಇರಲಿಲ್ಲ ಎಂಬುದು ಇನ್ನೊಂದು ಕಥೆ. ನನ್ನ ಡೆಬಿಟ್ ಕಾರ್ಡನ್ನು ವಿದೇಶಿ ಜಾಲತಾಣಗಳು ಒಪ್ಪುತ್ತಿರಲಿಲ್ಲ, ಕ್ರೆಡಿಟ್ ಕಾರ್ಡ್ ನನಗೆ ಇನ್ನೂ ಸಿಕ್ಕಿರಲಿಲ್ಲ. 2015ರ ನವೆಂಬರ್‌ನಲ್ಲಿ ಆಟಗಳನ್ನು ಮಾರುವ ಜಾಲತಾಣ ಸ್ಟೀಮ್ ರೂಪಾಯಿ ಬೆಲೆ ತಂದ ಮೇಲೆ ರಿಯಾಯಿತಿಯಲ್ಲಿ ಒಮ್ಮೆ ಕೊಂಡೆ, ಅಷ್ಟೇ. ಚಂದಾ ಎಂಬುದು ಎಲ್ಲರಿಗೂ ಒಂದೇ ಬಾಗಿಲು ಎಂದು ನೀವು ಹೇಳುತ್ತೀರಿ, ಆದರೆ ಆ ಬಾಗಿಲಿನ ಹೊರಗೆ ಎಷ್ಟು ಜನ ನಿಂತಿದ್ದರೆಂಬುದು ಒಳಗಿದ್ದವರಿಗೆ ಕಾಣುತ್ತಿರಲಿಲ್ಲ.

ಪ್ರಭಾಕರ ಸರ್: ನನಗೆ ಈ ಆಟಗಳ ಪರಿಚಯವಿಲ್ಲ, ಆದರೂ ಕುತೂಹಲದಿಂದ ಓದುತ್ತಿದ್ದೇನೆ. ತಿಂಗಳ ಹಣ ಬೇಡವೆಂದು ಅಂಗಡಿಯವನೇ ಹೇಳಿದ ಮೇಲೆ ಗಿರಾಕಿ ತಕರಾರು ತೆಗೆಯುವುದನ್ನು ನಾನು ಇದೇ ಮೊದಲು ಕೇಳುತ್ತಿದ್ದೇನೆ. ಯಾರಾದರೂ ನಿಧಾನವಾಗಿ ವಿವರಿಸಿ.

ಮಮತಾ: ಸರ್, ನಾನು ಪ್ರಯತ್ನಿಸುತ್ತೇನೆ, ಸ್ವಲ್ಪ ಉದ್ದವಾದರೆ ಕ್ಷಮಿಸಿ. ಮೊದಲು ರಾಘುವಿಗೆ ಒಂದು ಮಾತು: ಚಂದಾ ಇದ್ದ ಕಾಲವನ್ನು ಸುವರ್ಣಯುಗವೆಂದು ವರ್ಣಿಸಬೇಡ, ಏಕೆಂದರೆ ಬಿಡುಗಡೆಯಾದ ಮೊದಲ ವಾರಗಳಲ್ಲಿ ನಾನೂ ಅಲ್ಲಿದ್ದೆ. ಸಣ್ಣ ಗುಹೆಯೊಂದರ ಕೊನೆಗೆ ಹೋದರೆ ಅಲ್ಲಿನ ಮುಖ್ಯ ಶತ್ರು ಹುಟ್ಟುವ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳ ಹೆಸರು ಹೊತ್ತ ಬಾಟ್‌ಗಳು (ಮನುಷ್ಯರಿಲ್ಲದೆ ತಾವಾಗಿ ಆಡುವ ಪ್ರೋಗ್ರಾಂಗಳು) ಸಾಲಾಗಿ ನಿಂತಿರುತ್ತಿದ್ದವು; ಅದು ಕಾಣಿಸಿಕೊಂಡ ಕ್ಷಣದಲ್ಲೇ ಕೊಂದು ದೋಚುತ್ತಿದ್ದವು, ನಾವು ಕತ್ತಿ ಎತ್ತುವುದರೊಳಗೆ ಎಲ್ಲ ಮುಗಿದಿರುತ್ತಿತ್ತು. ಚಾಟ್ ತುಂಬ ಆಟದ ಚಿನ್ನ ಮಾರುವವರ ಜಾಹೀರಾತು. ಹಣ ಕಟ್ಟಿಸಿಕೊಂಡರೆ ಒಳ್ಳೆಯವರು ಮಾತ್ರ ಬರುತ್ತಾರೆಂಬ ಮಾತು ಅಲ್ಲಿಯೇ ಬಿದ್ದುಹೋಯಿತು. ಚಂದಾ ತೆಗೆದರೆ ಪುಂಡರು ನುಗ್ಗುತ್ತಾರೆ, ಗಿಲ್ಡ್‌ಗಳು (ಆಟಗಾರರ ತಂಡಗಳು) ಕೆಡುತ್ತವೆ ಎಂದು ನಮ್ಮವರು ಎಬ್ಬಿಸಿದ ಕೂಗು ಹೊಸಬರ ಮೇಲಿನ ಅಸಹನೆಯಾಗಿತ್ತು, ಮತ್ತು ಇಕ್ಬಾಲನಂಥವರಿಗೆ ಅದು ತಟ್ಟಿದ್ದರೆ ಆಶ್ಚರ್ಯವಿಲ್ಲ. ಅವನು ನಮ್ಮಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ.

ನಷ್ಟವಾದದ್ದು ಬೇರೆ ಕಡೆ, ಸರ್. ಈ ಆಟದಲ್ಲಿ ಪಾತ್ರದ ಬಳಿ ಒಂದು ಚೀಲವಿರುತ್ತದೆ, ಆರಂಭದಲ್ಲಿ ಅದರಲ್ಲಿ 60 ವಸ್ತುಗಳಿಗೆ ಮಾತ್ರ ಜಾಗ. ದಾರಿಯುದ್ದಕ್ಕೂ ಅದಿರು, ಮರದ ದಿಮ್ಮಿ, ನಾರು, ಗಿಡಮೂಲಿಕೆ, ಮಂತ್ರದ ಕಲ್ಲು, ಅಡುಗೆಯ ಹಿಟ್ಟು, ತರಕಾರಿ, ಹೀಗೆ ನೂರಾರು ಬಗೆಯ ಸಾಮಗ್ರಿ ಸಿಗುತ್ತದೆ, ಮತ್ತು ಆಯುಧ, ಬಟ್ಟೆ, ಊಟ ತಯಾರಿಸಲು ಅವೆಲ್ಲವೂ ಬೇಕಾಗುತ್ತವೆ. ಆಟದೊಳಗಿನ ಚಿನ್ನ ಕೊಟ್ಟು ಚೀಲವನ್ನು ದೊಡ್ಡದು ಮಾಡಿಕೊಳ್ಳಬಹುದು, ಆದರೂ ಗಂಟೆಗೊಮ್ಮೆ ಪೆಟ್ಟಿಗೆಯ ಮುಂದೆ ನಿಂತು ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಸಾಡಲಿ ಎಂದು ಆರಿಸುವ ಕೆಲಸ ತಪ್ಪದು. ಚಂದಾ ಐಚ್ಛಿಕವಾದ ಮರುವರ್ಷ, ಅಂದರೆ 2016ರಲ್ಲಿ, ಎಷ್ಟು ಸಾಮಗ್ರಿಯನ್ನಾದರೂ ನುಂಗುವ, ಎಂದೂ ತುಂಬದ ‘ಕ್ರಾಫ್ಟ್ ಬ್ಯಾಗ್’ ಎಂಬ ಚೀಲವನ್ನು ತಂದರು. ಅದು ‘ಇಎಸ್‌ಒ ಪ್ಲಸ್’ ಎಂಬ ಐಚ್ಛಿಕ ಚಂದಾದ ಸದಸ್ಯರಿಗೆ ಮಾತ್ರ, ಅದರ ಬೆಲೆ ಹಳೆಯ ಚಂದಾದಷ್ಟೇ, ತಿಂಗಳಿಗೆ 14.99 ಡಾಲರ್. ರೋಗವನ್ನು ಹಂಚುವವನೇ ಔಷಧದಂಗಡಿಯನ್ನೂ ಇಟ್ಟಂತಾಯಿತು.

ಪ್ರಭಾಕರ ಸರ್: ಈಗ ಅರ್ಥವಾಯಿತು. ಆದರೆ ಅದು ಐಚ್ಛಿಕವೆಂದು ನೀನೇ ಬರೆದಿದ್ದೀಯಲ್ಲ?

ನವೀನ: ಸರ್ ಕೇಳಿದ ಪ್ರಶ್ನೆಯೇ ನನ್ನದೂ, ಮಮತಕ್ಕ. ಸಂಬಳ ಕೊಟ್ಟು ನೂರಾರು ಜನರನ್ನು ಇಟ್ಟುಕೊಂಡ ಸಂಸ್ಥೆಗೆ ತಿಂಗಳ ಕೊನೆಗೆ ಎಲ್ಲಿಂದಲೋ ಹಣ ಬರಲೇಬೇಕು. ಹಟ ಹಿಡಿದು ಕುಳಿತವರ ಗತಿ ಏನಾಯಿತೆಂದು ‘ವೈಲ್ಡ್‌ಸ್ಟಾರ್’ ನೋಡಿದರೆ ತಿಳಿಯುತ್ತದೆ. ಅದೂ 2014ರ ಜೂನ್‌ನಲ್ಲಿ ಚಂದಾ ಸಮೇತ ಬಂತು, ಹದಿನೈದು ತಿಂಗಳು ಕಾದು 2015ರ ಸೆಪ್ಟೆಂಬರ್ ಕೊನೆಯಲ್ಲಿ ಉಚಿತವಾಯಿತು, ಅಷ್ಟರಲ್ಲಿ ಜನ ಚದುರಿಹೋಗಿದ್ದರು, 2018ರ ನವೆಂಬರ್‌ನಲ್ಲಿ ಸರ್ವರ್ ಆರಿಹೋಯಿತು. ಅದಕ್ಕೂ ಮೊದಲು ‘ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್’ 2011ರ ಡಿಸೆಂಬರ್‌ನಲ್ಲಿ ಬಂದು, ಕೆಲವೇ ತಿಂಗಳಲ್ಲಿ 17 ಲಕ್ಷ ಚಂದಾದಾರರನ್ನು ಮುಟ್ಟಿ, ಬೇಸಿಗೆ ಕಳೆಯುವುದರೊಳಗೆ ಹತ್ತು ಲಕ್ಷಕ್ಕಿಂತ ಕೆಳಗಿಳಿದು, 2012ರ ನವೆಂಬರ್‌ನಲ್ಲಿ ಉಚಿತ ಮಾದರಿಗೆ ಬಂತು. ಚಂದಾದಾರರಷ್ಟನ್ನೇ ನೆಚ್ಚಿಕೊಂಡಿದ್ದರೆ ಎಲ್ಡರ್ ಸ್ಕ್ರೋಲ್ಸ್‌ಗೂ ಇದೇ ದಾರಿ ಇತ್ತು ಎಂಬುದು ನನ್ನ ನಂಬಿಕೆ.

ರಾಘವೇಂದ್ರ: ಎಲ್ಲ ಚಂದಾ ಆಟಗಳೂ ಸತ್ತಿಲ್ಲವಲ್ಲ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಅಮೆರಿಕದಲ್ಲಿ 2004ರಿಂದ ಅದೇ 14.99 ಡಾಲರ್ ಮೇಲೆ ನಡೆಯುತ್ತಿದೆ, ‘ಫೈನಲ್ ಫ್ಯಾಂಟಸಿ 14’ ಮೊದಲ ಸಲ ನೆಲಕಚ್ಚಿ 2013ರಲ್ಲಿ ಚಂದಾ ಇಟ್ಟುಕೊಂಡೇ ಮತ್ತೆ ಎದ್ದಿತು. ಆಟ ಚೆನ್ನಾಗಿದ್ದರೆ ಜನ ಕಟ್ಟುತ್ತಾರೆ.

ನವೀನ: ಆ ಎರಡಕ್ಕೂ ಪ್ರತ್ಯೇಕ ಅಂಗಡಿಯೂ ಇದೆ ರಾಘಣ್ಣ, ಫೈನಲ್ ಫ್ಯಾಂಟಸಿಯವರು 2020ರಲ್ಲಿ ತಮ್ಮ ಉಚಿತ ಪ್ರಯೋಗವನ್ನು 60ನೆಯ ಹಂತದವರೆಗೆ ವಿಸ್ತರಿಸಿದರು. ಶುದ್ಧ ಚಂದಾ ಎಂಬುದು ಅಲ್ಲಿಯೂ ಉಳಿದಿಲ್ಲ.

ಇಕ್ಬಾಲ್: ಮಮತಾ, ನಿನ್ನ ಚೀಲದ ವಾದಕ್ಕೆ ನನ್ನ ಬಳಿ ಉತ್ತರವಿದೆ. ಪ್ಲಸ್ ಸದಸ್ಯತ್ವಕ್ಕೆ ನಾನು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಒಂದೇ ಖಾತೆಯಲ್ಲಿ ಹಲವು ಪಾತ್ರಗಳನ್ನು ಮಾಡಿಕೊಳ್ಳಲು ಬಿಡುತ್ತಾರೆ, ಎಲ್ಲ ಪಾತ್ರಗಳಿಗೂ ಬ್ಯಾಂಕ್ ಒಂದೇ. ಆದ್ದರಿಂದ ಒಂದು ಪಾತ್ರ ಮಾತ್ರ ಯುದ್ಧಕ್ಕೆ ಹೋಗುತ್ತದೆ, ಉಳಿದವು ನನ್ನ ಕೂಲಿಗಳು: ಒಬ್ಬನ ಚೀಲದಲ್ಲಿ ಅದಿರು ಮತ್ತು ಮರ, ಇನ್ನೊಬ್ಬಳ ಬಳಿ ಅಡುಗೆ ಸಾಮಾನು, ಮತ್ತೊಬ್ಬನ ಬಳಿ ಮೂಲಿಕೆ. ಭಾನುವಾರ ಬೆಳಿಗ್ಗೆ ಅವರನ್ನು ಒಬ್ಬೊಬ್ಬರನ್ನಾಗಿ ಬ್ಯಾಂಕಿಗೆ ಕರೆದೊಯ್ದು ಲೆಕ್ಕ ಒಪ್ಪಿಸುತ್ತೇನೆ. ಸಮಯ ಹಿಡಿಯುತ್ತದೆ ನಿಜ, ಆದರೆ ನನ್ನಂಥವನ ಬಳಿ ಡಾಲರ್‌ಗಿಂತ ಸಮಯ ಹೆಚ್ಚಿತ್ತು. ಹಣ ಇಲ್ಲವೇ ಸಮಯ, ಯಾವುದಾದರೊಂದನ್ನು ಕೊಡು ಎಂದರೆ ನನಗೆ ಅದು ಅನ್ಯಾಯವೆನಿಸುವುದಿಲ್ಲ. ಹಿಂದಿನ ವ್ಯವಸ್ಥೆಯಲ್ಲಿ ಆ ಆಯ್ಕೆಯೇ ಇರಲಿಲ್ಲ.

ಇನ್ನೊಂದು ಮಾತು. ಆಟವನ್ನು ನಿಧಾನ ಮಾಡುವ ಕಲೆಯನ್ನು ಅಂಗಡಿ ಕಂಡುಹಿಡಿಯಲಿಲ್ಲ. ಚಂದಾ ಇದ್ದ ಕಾಲದಲ್ಲಿ ಕುದುರೆಯ ಶಕ್ತಿ ಹೆಚ್ಚಿಸಲು ಅದಕ್ಕೆ ಮೇವು ಹಾಕುವ ಪದ್ಧತಿ ಇತ್ತೆಂದು ನೀನೇ ಹಿಂದೊಮ್ಮೆ ಹೇಳಿದ್ದೆ. ಒಮ್ಮೆ ಮೇವು ಹಾಕಿದರೆ ಮತ್ತೆ ಹಾಕಲು ಹೆಚ್ಚುಕಡಿಮೆ ಒಂದು ದಿನ ಕಾಯಬೇಕಿತ್ತು. ತಿಂಗಳುಗಟ್ಟಲೆ ಮೇವು ಹಾಕಿಸಿದ್ದು ತಿಂಗಳುಗಟ್ಟಲೆ ಹಣ ಬರಲಿ ಎಂದಲ್ಲವೇ?

ಮಮತಾ: ಇಕ್ಬಾಲ್, ನೀನು ಕುದುರೆಯನ್ನು ಎತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ನನ್ನ ಆಕ್ಷೇಪಕ್ಕೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. ಚಂದಾದ ಕಾಲದಲ್ಲಿ ನಿಧಾನವೇ ಆದಾಯದ ಮೂಲವಾಗಿತ್ತೆಂಬುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹಾಗಾದರೆ ಚಂದಾ ಹೋದ ದಿನ ಆ ನಿಧಾನಕ್ಕೆ ಇದ್ದ ಕಾರಣವೂ ಹೋಗಬೇಕಿತ್ತು, ಅಲ್ಲವೇ? ಹೋಗಲಿಲ್ಲ. ಮೇವಿನ ಬದಲು ಸವಾರಿ ತರಬೇತಿ ಬಂತು. ಲಾಯದವನಿಗೆ 250 ಚಿನ್ನದ ನಾಣ್ಯ ಕೊಟ್ಟು ದಿನಕ್ಕೆ ಒಂದು ಪಾಠ ಕಲಿಯಬೇಕಿತ್ತು, ವೇಗ, ದಮ್ಮು ಮತ್ತು ಹೊರೆ ಹೊರುವ ಶಕ್ತಿ ಈ ಮೂರಕ್ಕೂ ತಲಾ 60 ಪಾಠ. ಒಟ್ಟು 180 ಪಾಠ ಮುಗಿಯಲು ಹೆಚ್ಚುಕಡಿಮೆ ಅರ್ಧ ವರ್ಷ, ಅದೂ ಪ್ರತಿಯೊಂದು ಪಾತ್ರಕ್ಕೂ ಬೇರೆಬೇರೆಯಾಗಿ. ನಿನ್ನ ಕೂಲಿಗಳಿಗೆಲ್ಲ ಹೊರೆಯ ಪಾಠ ಕಲಿಸಿದ್ದರೆ ನಿನಗೇ ಗೊತ್ತಿರುತ್ತದೆ. ಕಾಯಲು ಆಗದವರಿಗೆ ಅದೇ ಪಾಠಗಳನ್ನು ಆಟದ ಅಂಗಡಿಯಾದ ಕ್ರೌನ್ ಸ್ಟೋರ್‌ನಲ್ಲಿ ನಿಜವಾದ ಹಣಕ್ಕೆ ಮಾರಿದರು. ಮೊದಲು ಕಾಯಿಸುವುದು ಕೆಟ್ಟ ಅಭ್ಯಾಸವಾಗಿತ್ತು, ಈಗ ಅದೇ ಸರಕಾಯಿತು. ಸರಕಾದ ಮೇಲೆ ಅದನ್ನು ಸರಿಪಡಿಸುವ ಆಸಕ್ತಿ ತಯಾರಕನಿಗೆ ಎಲ್ಲಿಂದ ಬರಬೇಕು?

ಚಂದಾ ಕಟ್ಟುವಾಗ ನನಗೂ ತಯಾರಕನಿಗೂ ಕನಿಷ್ಠ ಒಂದು ವಿಷಯದಲ್ಲಿ ಹಿತ ಒಂದೇ ಆಗಿತ್ತು: ನನಗೆ ಬೇಸರವಾದರೆ ನಾನು ಬಿಟ್ಟುಹೋಗುತ್ತೇನೆ, ನನ್ನ ಪೂರ್ತಿ ಹಣ ಹೋಗುತ್ತದೆ. ಈಗ ನಾನು ತೃಪ್ತಳಾಗಿದ್ದರೆ ಅವನಿಗೆ ಲಾಭವಿಲ್ಲ, ನಾನು ಬಿಟ್ಟುಹೋದರೂ ಲಾಭವಿಲ್ಲ. ಬಿಡಲಾರದಷ್ಟು ಇಷ್ಟ, ಸುಮ್ಮನಿರಲಾರದಷ್ಟು ಕಿರಿಕಿರಿ, ಇವೆರಡರ ನಡುವೆ ನನ್ನನ್ನು ಕೂರಿಸಿದಾಗ ಮಾತ್ರ ಅಂಗಡಿ ನಡೆಯುತ್ತದೆ. ಅಂದಿನ ಹಳೆಯ ಆಟಗಾರರು ಜಗಳವಾಡಬೇಕಾದದ್ದು ಇದರ ಬಗ್ಗೆ. ಅವರು ಬಾಗಿಲಲ್ಲಿ ನಿಂತ ಇಕ್ಬಾಲನ ಮೇಲೆ ಜಗಳವಾಡಿದರು, ಆದ್ದರಿಂದಲೇ ಇಂಥ ವೀಡಿಯೊದವರಿಗೆ ಅವರನ್ನು ಇಂದಿಗೂ ಹಾಸ್ಯ ಮಾಡುವುದು ಸುಲಭವಾಗಿದೆ.

ರಾಘವೇಂದ್ರ: ಇದನ್ನು ನಾನು ಅಂದೇ ಇಷ್ಟು ಬಿಡಿಸಿ ಹೇಳಿದ್ದರೆ ಗಿಲ್ಡ್ ಒಡೆಯುತ್ತಿರಲಿಲ್ಲವೇನೋ! ಆದರೂ ನ್ಯಾಯವಾಗಿ ಹೇಳಬೇಕೆಂದರೆ ಎಲ್ಡರ್ ಸ್ಕ್ರೋಲ್ಸ್‌ನವರು ಸ್ಟಾರ್ ವಾರ್ಸ್‌ನವರಷ್ಟು ಕೆಳಗಿಳಿಯಲಿಲ್ಲ. ಅಲ್ಲಿ ಉಚಿತ ಆಟಗಾರ ತನ್ನ ಬಳಿ ಇಟ್ಟುಕೊಳ್ಳಬಹುದಾದ ಆಟದ ಹಣಕ್ಕೆ 2 ಲಕ್ಷದ ಮಿತಿ ಹಾಕಿದರು. ಹಿಂದೆ ಚಂದಾ ಕಟ್ಟಿ ಈಗ ನಿಲ್ಲಿಸಿದವನಿಗೆ ಮಿತಿ 3.5 ಲಕ್ಷವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಅವನು ದುಡಿದದ್ದನ್ನೆಲ್ಲ ಬೀಗ ಹಾಕಿ ಪಕ್ಕಕ್ಕಿಟ್ಟರು, ಬಿಡಿಸಿಕೊಳ್ಳಲು ಮತ್ತೆ ಹಣ ಕೊಡಬೇಕಿತ್ತು. ಶಿರಸ್ತ್ರಾಣವನ್ನು ಮರೆಮಾಡಿ ಮುಖ ತೋರಿಸುವ ಸೌಲಭ್ಯಕ್ಕೂ ಬೆಲೆ! ಇದಕ್ಕೆ ವಿರುದ್ಧವಾಗಿ, ‘ಲಾರ್ಡ್ ಆಫ್ ದಿ ರಿಂಗ್ಸ್ ಆನ್‌ಲೈನ್’ 2007ರಲ್ಲಿ ಬಂದಾಗ 199 ಡಾಲರ್ ಕೊಟ್ಟು ಆಜೀವ ಸದಸ್ಯರಾದವರನ್ನು 2010ರಲ್ಲಿ ಆಟ ಉಚಿತವಾದ ಮೇಲೂ ಗೌರವದಿಂದಲೇ ನಡೆಸಿಕೊಂಡರು, ಆಟದ ಅಂಗಡಿಯಲ್ಲಿ ಖರ್ಚು ಮಾಡಲು ತಿಂಗಳಿಗೆ 500 ಅಂಕಗಳನ್ನೂ ಕೊಟ್ಟರು. ಮನಸ್ಸಿದ್ದರೆ ಮಾದರಿ ಬದಲಿಸುವಾಗಲೂ ಹಳೆಯವರನ್ನು ಉಳಿಸಿಕೊಳ್ಳಬಹುದು ಎಂಬುದಕ್ಕೆ ಇದನ್ನು ಹೇಳಿದೆ.

ನವೀನ: ಒಂದೇ ಒಂದು ಪ್ರಶ್ನೆ, ಮಮತಕ್ಕ. ನಾನು ಬೆಂಗಳೂರಿನಲ್ಲಿ ಮೊಬೈಲ್ ಆಟಗಳನ್ನು ಮಾಡಿ ಹೊಟ್ಟೆ ಹೊರೆಯುವವನು, ಇಲ್ಲಿ ತಿಂಗಳ ಚಂದಾ ಎಂದರೆ ಸಭೆಯಲ್ಲೇ ನಗುತ್ತಾರೆ. ನೀವು ಆ ಸ್ಥಾನದಲ್ಲಿದ್ದರೆ ಚಂದಾ ತೆಗೆದ ಮೇಲೆ ಏನನ್ನು ಮಾರುತ್ತಿದ್ದಿರಿ?

ಮಮತಾ: ಕಥೆಯನ್ನು ಮಾರುತ್ತಿದ್ದೆ. 2017ರ ‘ಮೊರೊವಿಂಡ್’ ಅಧ್ಯಾಯದಂತೆ ಹೊಸ ಪ್ರದೇಶ, ಹೊಸ ಕಥೆ ಕೊಟ್ಟು ಅದಕ್ಕೆ ಬೆಲೆ ಕೇಳಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಬಟ್ಟೆ, ಮನೆ, ಬಣ್ಣಬಣ್ಣದ ಕುದುರೆ, ಅವೂ ಇರಲಿ. ಚೀಲ ಮತ್ತು ಸವಾರಿ ಪಾಠ ಅಂಗಡಿಗೆ ಬರಬಾರದು. 2016ರ ಕೊನೆಯಲ್ಲಿ ತಂದ ‘ಕ್ರೌನ್ ಕ್ರೇಟ್’, ಅಂದರೆ ಒಳಗೇನಿದೆಯೆಂದು ತಿಳಿಯದೆ ಕೊಳ್ಳುವ ಆ ಪೆಟ್ಟಿಗೆಗಳಂತೂ ಬೇಡವೇ ಬೇಡ. ಅಂಥ ಪೆಟ್ಟಿಗೆಗಳನ್ನು ಬೆಲ್ಜಿಯಂನ ನಿಯಂತ್ರಕರು 2018ರಲ್ಲಿ ಜೂಜೆಂದೇ ಪರಿಗಣಿಸಿದರು.

ಇಕ್ಬಾಲ್: ಆ ಪಟ್ಟಿಯಲ್ಲಿ ಒಂದು ತೊಂದರೆಯಿದೆ. ಪೆಟ್ಟಿಗೆ ಕೊಳ್ಳುವವರು ಮತ್ತು ಪಾಠ ಕೊಳ್ಳುವವರು ಕೊಡುವ ಹಣದಲ್ಲಿಯೇ ನನ್ನಂಥ ಪುಕ್ಕಟೆ ಗಿರಾಕಿಯ ಸರ್ವರ್ ನಡೆಯುತ್ತಿರುವುದು. ಅವೆರಡನ್ನೂ ತೆಗೆದರೆ ಅಧ್ಯಾಯದ ಬೆಲೆ ಏರಿಸುತ್ತಾರೆ, ಆಗ ನಾನು ಮತ್ತೆ ಬಾಗಿಲ ಹೊರಗೆ. ನೀನು ಚೀಲದ ಬಾಡಿಗೆ ಕೊಟ್ಟಿದ್ದೀಯಾ, ನಿಜ ಹೇಳು?

ಮಮತಾ: ಕೊಟ್ಟಿದ್ದೆ, ಬಹಳ ಕಾಲ. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದು ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದು ನಿಂತಾಗ ಸದಸ್ಯತ್ವವೂ ನಿಂತಿತು, ಮತ್ತೆ ಕಟ್ಟಲಿಲ್ಲ. ಆ ಚೀಲದ ಒಳಗಿರುವ ಸಾಮಗ್ರಿಯನ್ನು ಹೊರಗೆ ತೆಗೆಯಬಹುದು, ಹೊಸದಾಗಿ ಒಂದು ಎಲೆಯನ್ನೂ ಒಳಗೆ ಹಾಕಲಾಗದು. ನಿನ್ನ ಕೂಲಿಗಳ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ಬರೆದು ಕಳಿಸು, ಪ್ರಯತ್ನಿಸಿ ನೋಡುತ್ತೇನೆ. ವಾದವನ್ನು ಮಾತ್ರ ಬಿಟ್ಟುಕೊಡುವುದಿಲ್ಲ.