ಮುಂಗಾರು ಮುಂಚೆ ಬಂದರೆ ಅಡಿಕೆಗೆ ಬೋರ್ಡೋ ಯಾವಾಗ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಬೆಳೆಗಾರರು): ಸರ್, ಮೃಗಶಿರಾ ಮಳೆ ಹಿಡಿಯುವ ಮುಂಚೆ ಒಂದು ಸಲ, ಪುಷ್ಯ ಹುಟ್ಟಿದ ಮೇಲೆ ಇನ್ನೊಂದು ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದರೆ ಕಾಯಿ ಕೊಳೆರೋಗ ನಿಲ್ಲುತ್ತಿತ್ತು. ಈಗ ಮಳೆಯ ಲೆಕ್ಕವೇ ತಪ್ಪಿದೆ, ಎರಡು ಸಲ ಹೊಡೆದರೂ ಕಾಯಿ ಉದುರುತ್ತೆ. ಔಷಧಿ ಬದಲಿಸಬೇಕಾ?

ಉತ್ತರ (ಸಸ್ಯರೋಗ ತಜ್ಞರು): ಔಷಧಿ ಇರಲಿ, ದಿನ ಬದಲಿಸಿ. ಮುಂಗಾರು ಕೇರಳ ಮುಟ್ಟಿದ್ದು 2023ರಲ್ಲಿ ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೇ. ಒಂದೆರಡು ವರ್ಷ ನೋಡಿ ಹವಾಮಾನವೇ ಬದಲಾಯಿತು ಎನ್ನಲಾಗದು, ಆದರೆ ಹೀಗೆ ಹೊಯ್ದಾಡುವ ಮಳೆಗೆ ನಕ್ಷತ್ರ ನೋಡಿ ಔಷಧಿ ಹೊಡೆಯಲೂ ಆಗದು.

ಬೋರ್ಡೋ ಪದರದ ಆಯಸ್ಸು 40–45 ದಿನ. ಕಾಯಿ ದಪ್ಪವಾದಂತೆ ಹೊಸ ಸಿಪ್ಪೆ ಬರಿದಾಗಿ ಉಳಿಯುತ್ತದೆ. ಮೇ 20ಕ್ಕೆ ಹೊಡೆದಿದ್ದು ಜುಲೈ ಮೊದಲ ವಾರಕ್ಕೇ ಮುಗಿಯಿತು. ಪುಷ್ಯ ಹುಟ್ಟುವುದು ಜುಲೈ 20ರ ಸುಮಾರಿಗೆ. ನಡುವಿನ ಎರಡು ವಾರ, ಅದೂ ಪುನರ್ವಸು ಮಳೆಯಲ್ಲಿ, ಅಡಿಕೆ ಕೊನೆಗೆ, ಅಂದರೆ ಗೊಂಚಲಿಗೆ, ರಕ್ಷಣೆಯೇ ಇಲ್ಲ. ಕೊಳೆ ತರುವ, ಶಿಲೀಂಧ್ರದಂಥ ಸೂಕ್ಷ್ಮಜೀವಿ ಫೈಟಾಫ್ತೊರಾಗೆ ಕಾಯಿ ಮೇಲಿನ ನೀರಿನ ಪಸೆಯೇ ದಾರಿ. ಮಳೆ, ನಡುನಡುವೆ ಬಿಸಿಲು, ಮತ್ತೆ ಮಳೆ: ಇಂಥ ಹವೆಯೇ ಅದಕ್ಕೆ ಹಬ್ಬ.

ಮೊದಲ ಸಲ ಹೊಡೆದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. 30ನೇ ದಿನದಿಂದ ಹವಾಮಾನ ಮುನ್ಸೂಚನೆ ನೋಡುತ್ತಿರಿ, ಹೊಳವು (ಮಳೆ ಬಿಡುವು) ಸಿಕ್ಕ ತಕ್ಷಣ ಎರಡನೆಯದು ಮುಗಿಸಿ. 45 ತುಂಬಲಿ ಎಂದು ಕಾದರೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಸಿಗುವ ದಿನ ಮಳೆ ಬಿಡುವುದಿಲ್ಲ. ಆಗಸ್ಟ್‌ನಲ್ಲೂ ಮಳೆ ಹಿಡಿದೇ ಇದ್ದರೆ ಮೂರನೆಯದೂ ಬೇಕು.

ಪ್ರಶ್ನೆ (ಶಿರಸಿ): ನಮ್ಮಲ್ಲಿ ದ್ರಾವಣವೇ ಸರಿಯಾಗುತ್ತಿಲ್ಲವೇನೋ ಅನ್ನಿಸುತ್ತೆ. ನಾಝಲ್ ಕಟ್ಟಿಕೊಳ್ಳುತ್ತೆ, ಕೆಲವೊಮ್ಮೆ ಕಾಯಿ ಸುಟ್ಟ ಹಾಗೆ ಆಗುತ್ತೆ.

ಉತ್ತರ: ಎರಡಕ್ಕೂ ಕಾರಣ ಹೆಚ್ಚಾಗಿ ಸುಣ್ಣ. ಶೇ. 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಅರಳದ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ, ಗಂಟು ನೀರಿನ ಮೇಲ್ಭಾಗದಲ್ಲೇ ಮುಳುಗುವಂತೆ ಹಿಂದಿನ ರಾತ್ರಿಯೇ 50 ಲೀಟರ್ ನೀರಿಗೆ ತೂಗುಬಿಡಿ. ಕರಗಿದ ನೀಲಿ ನೀರು ಭಾರಕ್ಕೆ ತಾನೇ ಕೆಳಗಿಳಿಯುತ್ತದೆ, ಕಲಕುವ ಕೆಲಸವಿಲ್ಲ. ಸುಣ್ಣವನ್ನು ಸ್ವಲ್ಪ ನೀರಿನಲ್ಲಿ ಅರಳಿಸಿ, ಪೂರ್ತಿ ತಣಿದ ಮೇಲೆ 50 ಲೀಟರ್ ಮಾಡಿ ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಆ ಕಲ್ಲುಪುಡಿಯೇ ನಾಝಲ್‌ಗೆ ಕೂರುವುದು.

ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಿ. ತಿರುಗಾಮುರುಗಾ ಮಾಡಬೇಡಿ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಕಬ್ಬಿಣ, ತಗಡು ಬೇಡ.

ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಕಾಯಿ ಸುಡುವುದು ಅದೇ. ಕೆಂಪು ಕೂರುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಿ. ಚೀಲ ಬಿಚ್ಚಿಟ್ಟ ಹಳೇ ಸುಣ್ಣ ಗಾಳಿಗೆ ಸತ್ವ ಕಳೆದುಕೊಂಡಿರುತ್ತದೆ, ತೂಕ ಸರಿಯಿದ್ದರೂ ಸಾಲದು. ಮಾಡಿದ ದಿನವೇ ಮುಗಿಸಿ. ಮಾರನೆಯ ದಿನಕ್ಕೆ ಕಣ ಗಟ್ಟಿಯಾಗಿ ಕಾಯಿಗೆ ಹಿಡಿಯುವುದಿಲ್ಲ.

ಪ್ರಶ್ನೆ (ಪುತ್ತೂರು): ಹೊಡೆದು ಎರಡು ಗಂಟೆಗೆ ಮಳೆ ಬಂತು ಸರ್. ದಂಡವಾಯ್ತಾ?

ಉತ್ತರ: ಮಳೆಗೆ ಮೊದಲು ಕೊನೆ ಒಣಗಿತ್ತೇ ಎಂಬುದೇ ಲೆಕ್ಕ. ನಾಲ್ಕಾರು ಮರದ ಕಾಯಿ ಇಳಿಸಿ ನೋಡಿ. ತೊಟ್ಟಿನ ಸುತ್ತ ತಿಳಿನೀಲಿ ಕಲೆ ಇದ್ದರೆ ಚಿಂತೆ ಬಿಡಿ. ಇಲ್ಲವಾದರೆ ಮತ್ತೆ ಹೊಡೆಯಲೇಬೇಕು. ಕೊಳೆ ಶುರುವಾಗುವುದು ಹೆಚ್ಚಾಗಿ ಆ ತೊಟ್ಟಿನ ಬಳಿಯಿಂದಲೇ.

ಪ್ರಶ್ನೆ (ಶಿರಸಿ): ಈಗಾಗಲೇ ಉದುರಿದ್ದನ್ನು ಬುಡಕ್ಕೇ ಗೊಬ್ಬರ ಆಗಲಿ ಅಂತ ಬಿಡಬಹುದಾ?

ಉತ್ತರ: ಬೇಡ. ಕಾಯಿ ಮೇಲೆ ಬಿಳಿ ಬೂಷ್ಟು ಕಂಡರೆ ಅದು ರೋಗದ ಬೀಜವೇ. ಆರಿಸಿ ತೋಟದಿಂದಾಚೆ ನಾಶಮಾಡಿ, ಮರದಲ್ಲಿ ಒಣಗಿ ನೇತಾಡುವ ಹಳೇ ಕೊನೆಗಳನ್ನೂ ಇಳಿಸಿ. ಬಸಿಗಾಲುವೆ ಕಟ್ಟಿಕೊಂಡಿದ್ದರೆ ಅದನ್ನೂ ಬಿಡಿಸಿ.

ಪ್ರಶ್ನೆ (ಪುತ್ತೂರು): ವಿಮೆ ಕಟ್ಟಿದ್ದೇನೆ, ಕೊಳೆ ಬಂದ ಫೋಟೊ ತೆಗೆದಿಡಬೇಕಾ?

ಉತ್ತರ: ಹವಾಮಾನ ಆಧಾರಿತ ವಿಮೆಯಾದರೆ ಪರಿಹಾರದ ಲೆಕ್ಕ ನಡೆಯುವುದು ಮಳೆಮಾಪಕದ ಅಂಕಿ ಮೇಲೆ, ನಿಮ್ಮ ಮರದ ಮೇಲಲ್ಲ. ಫೋಟೊಗಿಂತ ಪಂಚಾಯ್ತಿಯ ಮಳೆಮಾಪಕ ಕೆಲಸ ಮಾಡುತ್ತಿದೆಯಾ ಎಂದು ಈಗಲೇ ವಿಚಾರಿಸಿ. ಕೆಟ್ಟಿದ್ದರೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.