8ನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳನ್ನು ಲೈಬ್ರರಿಗೆ ಕರೆಯೋದು ಹೇಗೆ?

ತಾವರಗೇರಾ ಹಾದಿ:
ಎಲ್ಲರಿಗೂ ನಮಸ್ಕಾರ. ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಬೋರ್ಡಿನ ಮೇಲೆ ಈಗ ಅರಿವು ಕೇಂದ್ರ ಅಂತ ಇದೆ, ಊರವರ ಬಾಯಲ್ಲಿ ಇನ್ನೂ ಲೈಬ್ರರಿನೇ. ಒಂದು ಕೋಣೆ, ಎರಡು ಕಪಾಟು, ಒಂದು ಉದ್ದ ಮೇಜು. ಬೆಳಿಗ್ಗೆ ಹಿರಿಯರು ಪೇಪರ್ ಓದೋಕೆ ಬರುತ್ತಾರೆ. ಮಧ್ಯಾಹ್ನ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗರು. ಶಾಲೆ ಬಿಟ್ಟ ಮೇಲೆ ಚಿಕ್ಕ ಮಕ್ಕಳು ಚಿತ್ರದ ಪುಸ್ತಕ ಹರವಿಕೊಂಡು ಕೂರುತ್ತಾರೆ. ಹೈಸ್ಕೂಲು, ಪಿಯುಸಿ ಮಕ್ಕಳು ಮಾತ್ರ ಇಲ್ಲ. 2020ರಲ್ಲಿ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗಿನಿಂದ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಮನೆಮನೆಗೆ ಹೋಗಿ ಹೇಳಿದೆ. ಹೆಸರು ಬರೆಸಿದರು, ಬರಲಿಲ್ಲ.

ಹೋದ ತಿಂಗಳು 9ನೇ ಕ್ಲಾಸಿನ ಒಬ್ಬ ಹುಡುಗ ಬಂದಿದ್ದ. ಖುಷಿಯಲ್ಲಿ ದಪ್ಪ ಕಾದಂಬರಿಯೊಂದನ್ನು ಕೊಟ್ಟೆ. ಎರಡನೇ ದಿನ ಮೇಜಿನ ಮೇಲಿಟ್ಟು ಮಾತಾಡದೆ ಹೋದ. ಒಂದು ಪುಟ ಓದೋಕೆ ಅಣ್ಣನಿಗೆ ತುಂಬಾ ಹೊತ್ತು ಬೇಕು ಅಂತ ಆಮೇಲೆ ಅವನ ತಂಗಿ ಹೇಳಿದಳು. ಅವತ್ತಿನಿಂದ ನನಗೆ ಸಮಾಧಾನ ಇಲ್ಲ. ಇಂಥವರಿಗೆ ಏನು ಓದಿಸಲಿ, ಏನು ಮಾಡಿಸಲಿ?

ಇನ್ನೊಂದು ವಿಷಯ. ಸುಗ್ಗಿ ಮುಗಿದರೆ ಎಷ್ಟೋ ಮನೆಯವರು ಗುಳೆ ಹೋಗುತ್ತಾರೆ. ಕೊಟ್ಟ ಪುಸ್ತಕ ಕಳೆದರೆ ನಾವೇ ದುಡ್ಡು ಕಟ್ಟಬೇಕಾಗುತ್ತೆ ಅನ್ನುವ ಭಯ, ಕೆಲಸಕ್ಕೆ ಸೇರಿದ ದಿನದಿಂದ ಇದೆ. ಹಾಗಾಗಿ ಒಂದು ಕಪಾಟಿಗೆ ಕೀಲಿ ಹಾಕಿಯೇ ಇಟ್ಟಿದ್ದೇನೆ.

ಮಸ್ಕಿ ಟೀಚರ್:
ಅಕ್ಕಾರೇ, ಆ ಹುಡುಗನ ವಿಷಯ ಓದಿ ಸುಮ್ನೆ ಇರೋಕಾಗಲಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾ 19 ವರ್ಷ ಆಯಿತು. ಪ್ರತಿ ವರ್ಷ 8ನೇ ಕ್ಲಾಸಿಗೆ ಇಂಥ ನಾಲ್ಕೈದು ಮಕ್ಕಳು ಬರುತ್ತಾರೆ. ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾರೆ. ಅವರಿಗೆ ಚಿಕ್ಕವರ ಪುಸ್ತಕ ಕೊಟ್ಟರೆ ಅವಮಾನ, ದೊಡ್ಡವರದು ಕೊಟ್ಟರೆ ಭಯ.

'ನೀನು ಓದು' ಅನ್ನಬೇಡಿ. 'ಇವರಿಗೆ ಓದಿ ಹೇಳು' ಅನ್ನಿ. ಒಂದನೇ, ಎರಡನೇ ಕ್ಲಾಸಿನ ಮೂರ್ನಾಲ್ಕು ಮಕ್ಕಳನ್ನು ಅವನ ಮುಂದೆ ಕೂರಿಸಿ. ಪುಸ್ತಕವನ್ನು ಹಿಂದಿನ ದಿನವೇ ಮನೆಗೆ ಕಳಿಸಿ, ಎರಡು ಸಲ ಓದಿಕೊಂಡು ಬರಲಿ. ಚಿಕ್ಕವರು ತಪ್ಪು ಹುಡುಕೋದಿಲ್ಲ. 'ಇನ್ನೊಂದ್ಸಲ ಓದು ಅಣ್ಣಾ' ಅಂತಾರೆ. ಆ ಇನ್ನೊಂದ್ಸಲದಲ್ಲೇ ನಾಲಿಗೆ ಸಲೀಸಾಗೋದು. ನನ್ನ ಕ್ಲಾಸಿನ ಒಬ್ಬಳು ದಸರಾದಿಂದ ಯುಗಾದಿವರೆಗೆ ಹೀಗೆ ಓದಿದಳು. ಅವಳ ಬಾಯಲ್ಲಿ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಕೇಳೋಕೆ ಚಿಕ್ಕವರು ಕಾಯುತ್ತಿದ್ದರು. ಒತ್ತಕ್ಷರಕ್ಕೆ ಹೆದರುವವರಿಗೆ ಪದ್ಯ ಒಳ್ಳೆಯದು, ಲಯವೇ ಎಳೆದುಕೊಂಡು ಹೋಗುತ್ತದೆ.

ಆಮೇಲೆ ತೇಜಸ್ವಿಯವರ 'ಪರಿಸರದ ಕತೆ' ಕೊಡಿ, ಒಂದೊಂದು ಕತೆಯೂ ಕೂತಲ್ಲೇ ಮುಗಿಯುತ್ತದೆ. 'ಕರ್ವಾಲೊ' ಮಾತ್ರ ಮೊದಲು ನೀವೇ ಗಟ್ಟಿಯಾಗಿ ಓದಿ, ದಿನಕ್ಕೆ ಹದಿನೈದು ನಿಮಿಷ. ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೊರಡುವಲ್ಲಿ ನಿಲ್ಲಿಸಿ, ಪುಸ್ತಕ ಮೇಜಿನ ಮೇಲೆ ಬಿಟ್ಟುಬಿಡಿ. ಪಿಯುಸಿಯವರಿಗೆ ಸಿದ್ದಲಿಂಗಯ್ಯನವರ ಆತ್ಮಕಥೆ 'ಊರುಕೇರಿ'. ಇಬ್ಬರು ಮನುಷ್ಯರು ನೊಗ ಹೊತ್ತು ಹೊಲ ಉಳುವ ಜಾಗ ಬರುತ್ತದೆ, ಅವರಲ್ಲೊಬ್ಬರು ಸಿದ್ದಲಿಂಗಯ್ಯನವರ ತಂದೆ. ಅಲ್ಲಿ ನನ್ನ ಹುಡುಗರು ಮಾತು ನಿಲ್ಲಿಸಿ ಕೇಳುತ್ತಾರೆ.

ಮಾಡಿಸೋಕೆ ಒಂದು ಕೆಲಸ ಹೇಳಲಾ? ನಮ್ಮ ಮಸ್ಕಿ ಶಾಸನ 1915ರಲ್ಲಿ ಸಿಕ್ಕಿತು. ಅದಕ್ಕೂ ಮೊದಲು ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನುವ ಬಿರುದುಗಳಷ್ಟೇ ಇದ್ದವು, ಇದರಲ್ಲಿ ಅಶೋಕ ಅನ್ನುವ ಹೆಸರೇ ಇದೆ. ನಿಮ್ಮ ಕೊಪ್ಪಳದಲ್ಲೂ ಗವಿಮಠ ಮತ್ತು ಪಾಲ್ಕಿಗುಂಡುವಿನಲ್ಲಿ ಅಶೋಕನ ಶಾಸನಗಳಿವೆ. ಆ ಶಾಸನಗಳ ಬ್ರಾಹ್ಮಿ ಲಿಪಿಯಲ್ಲಿ ಮಕ್ಕಳಿಗೆ ತಮ್ಮ ಹೆಸರು ಬರೆಯೋದು ಕಲಿಸಿ. ಕ ಅಂದರೆ ಕೂಡುವ ಚಿಹ್ನೆ. ರ ಅಂದರೆ ಒಂದು ಉದ್ದ ಗೆರೆ. ಗ ಅಂದರೆ ಗುಡಿಸಲ ಮಾಡಿನ ಹಾಗೆ. ಓದೋಕೆ ಹಿಂದಿರುವವರು, ಮುಂದಿರುವವರು ಎಲ್ಲರೂ ಇಲ್ಲಿ ಒಂದೇ ಸಾಲಿನಲ್ಲಿ ಶುರು ಮಾಡುತ್ತಾರೆ, ಅದು ನನಗೆ ತುಂಬಾ ಇಷ್ಟ.

ಹುಡುಗಿಯರಿಗೆ ಬೇರೆ ಸಮಯ ಇಡಿ. ಪೇಪರ್ ಮೇಜಿನ ಸುತ್ತ ಗಂಡಸರು ಕೂತಿದ್ದರೆ ಅವರು ಬಾಗಿಲಲ್ಲೇ ನಿಂತು ವಾಪಸ್ ಹೋಗುತ್ತಾರೆ. ಹತ್ತಿ ಬಿಡಿಸುವ ದಿನಗಳಲ್ಲಿ ಶನಿವಾರ, ಭಾನುವಾರ ಯಾರನ್ನೂ ಕಾಯಬೇಡಿ, ಎಲ್ಲ ಹೊಲದಲ್ಲಿರುತ್ತಾರೆ.

ಬಳ್ಳಾರಿ ಓದುಗ:
ಟೀಚರ್ ಎಲ್ಲಾ ಹೇಳಿದ್ದಾರೆ. ನಾನು ಗುಳೆಯ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ನಾನೂ ಗುಳೆ ಹೋದ ಮನೆಯ ಹುಡುಗ. 7ನೇ ಕ್ಲಾಸಿನಲ್ಲಿ ಬೆಂಗಳೂರಿನ ಒಂದು ಕಟ್ಟಡದ ಶೆಡ್ಡಿನಲ್ಲಿ ಮೂರು ತಿಂಗಳು ಇದ್ದೆ. ಚೀಲದಲ್ಲಿದ್ದದ್ದು ಕನ್ನಡ ಪಠ್ಯಪುಸ್ತಕ ಒಂದೇ. ಅದನ್ನೇ ತಿರುಗಾಮುರುಗಾ ಓದಿ, ಯಾವ ಪಾಠ ಯಾವ ಪುಟದಲ್ಲಿದೆ ಅನ್ನೋದೂ ಬಾಯಿಗೆ ಬಂದಿತ್ತು. ಅಕ್ಕಾರೇ, ಹೊರಡುವ ಮಕ್ಕಳ ಚೀಲದಲ್ಲಿ ಎರಡೆರಡು ಪುಸ್ತಕ ಹಾಕಿ ಕಳಿಸಿ. ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರು 1931ರಲ್ಲಿ ಲೈಬ್ರರಿಗಳಿಗೆ ಅಂತ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರೋದು ಬಳಸೋಕೆ ಅಂತ. ರಿಜಿಸ್ಟರಿನಲ್ಲಿ ಬರೆದು, ಪಂಚಾಯಿತಿಯವರಿಗೂ ಮೊದಲೇ ಒಂದು ಮಾತು ಹೇಳಿಟ್ಟುಕೊಳ್ಳಿ. ಕೆಲವು ವಾಪಸ್ ಬರಲಿಕ್ಕಿಲ್ಲ. ಆದರೂ ಕೊಡಿ.

ತಾವರಗೇರಾ ಹಾದಿ:
ಟೀಚರ್, ಸರ್, ಇಬ್ಬರಿಗೂ ದೊಡ್ಡ ನಮಸ್ಕಾರ. ಆ ಹುಡುಗನ ಮನೆಗೆ ತಂಗಿಯ ಕೈಯಲ್ಲೇ ಪುಸ್ತಕ ಕಳಿಸಿದ್ದೆ. ನಿನ್ನೆ ಸಂಜೆ ಬಂದ. ಐದು ಮಕ್ಕಳು ಕೂತಿದ್ದರು. ಅವನಿಗೆ ನಾಚಿಕೆ ಆಗಬಾರದು ಅಂತ ನಾನು ಪೇಪರ್ ಜೋಡಿಸುತ್ತಾ ಆ ಕಡೆ ತಿರುಗಿಕೊಂಡಿದ್ದೆ. ಎರಡು ಕಡೆ ತಡವರಿಸಿದ, ನಿಲ್ಲಿಸಲಿಲ್ಲ. ಹೋಗುವಾಗ ಕೀಲಿ ಹಾಕಿದ್ದ ಕಪಾಟಿನ ಕಡೆ ನೋಡಿ 'ಅದರಲ್ಲಿ ಏನಿದೆ' ಅಂದ. ತೆಗೆದು ತೋರಿಸಿದೆ, ಮತ್ತೆ ಕೀಲಿ ಹಾಕಿಲ್ಲ.

ಟೀಚರ್, ಬ್ರಾಹ್ಮಿಯ ಎಲ್ಲಾ ಅಕ್ಷರಗಳ ಪಟ್ಟಿ ಇದ್ದರೆ ಫೋಟೋ ಹಾಕ್ತೀರಾ? ಕ, ರ, ಗ ಗೋಡೆಯ ಮೇಲೆ ಬರೆದಿದ್ದೇನೆ. ಮಂಜುಳಾ, ಶರಣಮ್ಮ, ಹುಸೇನ್ ಬರೆಯೋಕೆ ಅಷ್ಟು ಸಾಲುತ್ತಿಲ್ಲ.